ದ್ವೀಪದಲ್ಲಿ ಜೀಪು ಹತ್ತಿದ್ದು

ಹೋದ ವಾರ ಶಾಲೆಯ ಸ್ಟಾಫ್ ರೂಮಿನಲ್ಲಿ ಊಟದ ಬುತ್ತಿ ಬಿಚ್ಚುತ್ತಿದ್ದಾಗ, ಹೊಸದಾಗಿ ಮದುವೆಯಾದ ನಮ್ಮ ಗಣಿತದ ಟೀಚರು ಮೊಬೈಲನ್ನು ನನ್ನ ಮುಖದ ಮುಂದೆ ಹಿಡಿದಳು. ಬೇಸಿಗೆ ರಜೆಗೆ ಗಂಡ ಹೆಂಡತಿ ಅಂಡಮಾನಿಗೆ ಹೊರಟಿದ್ದಾರೆ. ಪ್ಯಾಕೇಜಿನಲ್ಲಿ ಗೈಡ್ ಜೊತೆಗಿರುವ ಜೀಪಿನ ಸವಾರಿಯೂ ಇದೆ. ಡಾಂಬರು ರಸ್ತೆ ಬಿಟ್ಟು ಕಾಡು, ಕೆಸರು, ಗುಡ್ಡ ಹತ್ತಿಸಿ ಇಳಿಸಿ ಕರೆತರುತ್ತಾರೆ. ಬೇಕಾದರೆ ಸೇರಿಸಿಕೊಳ್ಳಬಹುದು, ಬೇಡವಾದರೆ ಬಿಡಬಹುದು.

"ನೀವು ಹೋಗಿ ಬಂದೀರಲ್ರೀ ಅಕ್ಕೋರ, ಈ ಜೀಪಿಂದು ತಗೊಳ್ಳೂದೋ ಬಿಡೂದೋ? ಛಲೋ ಇರತೈತೇನ್ರಿ?"

"ಅಲ್ಲೀತನಕ ಯಾಕ ಹೋಗ್ತಿ? ಮಳಿಗಾಲದಾಗ ನಮ್ಮ ಸಾಲಿ ರಸ್ತಿಗೆ ಟಂಟಂ ಹತ್ತು. ಅಷ್ಟ ಕುಲುಕತೈತಿ. ಗೈಡೂ ಬ್ಯಾಡ, ಊರ ಮಂದಿ ಸುದ್ದಿ ಎಲ್ಲಾ ಡ್ರೈವರನ ಹೇಳ್ತಾನ," ಎಂದೆ.

ಎಲ್ಲರೂ ನಕ್ಕರು, ಅವಳೂ ನಕ್ಕಳು. ಹೆಡ್‌ಮಾಸ್ತರರಿಗಂತೂ ನಗುವಿನಲ್ಲಿ ರೊಟ್ಟಿಯ ಚೂರು ಗಂಟಲಿಗೆ ಸಿಕ್ಕಿತು. ಇಂಥ ಉತ್ತರ ನನಗೆ ಬಾಯಿಪಾಠವಿದ್ದಂತೆ ಬರುತ್ತದೆ. ಆ ಸವಾರಿಗೆ ಹೋಗಬೇಕೋ ಬೇಡವೋ ಎಂಬ ಪ್ರಶ್ನೆಗೆ ನನ್ನ ಹತ್ತಿರ ಇರುವ ನಿಜವಾದ ಉತ್ತರ ಮದುವಣಗಿತ್ತಿಯ ಎದುರು ಹೇಳುವಂಥದ್ದಲ್ಲ.

ನಮ್ಮ ಮನೆ ಕುಷ್ಟಗಿಯಲ್ಲಿ. ನನ್ನ ಶಾಲೆ ಇರುವುದು ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ. ನಡುವೆ ಇರುವುದೆಲ್ಲ ಎರೆಮಣ್ಣು. ಮಳೆ ಬಂದರೆ ಗಾಡಿಯ ಗಾಲಿ ಹೂತುಹೋಗುತ್ತದೆ, ಬಿಸಿಲು ಬಿದ್ದರೆ ಅದೇ ಗಾಲಿಯ ಗುರುತು ಕಲ್ಲಿನ ಹಾಗೆ ಬಿಗಿದುಕೊಂಡು ಮುಂದಿನ ಮಳೆಯವರೆಗೂ ಹಾಗೇ ಇರುತ್ತದೆ. ಮದುವೆಯಾಗಿ ಬಹಳ ವರ್ಷಗಳ ಮೇಲೆ ನಾನು ಮೊದಲ ಸಲ ಬಸುರಾದಾಗ ಈ ರಸ್ತೆಯಲ್ಲೇ ಓಡಾಡುತ್ತಿದ್ದೆ. ಒಂದು ಸಂಜೆ ಹಳ್ಳದ ಹತ್ತಿರ ನಾನು ಕೂತಿದ್ದ ಟಂಟಂ ಆಟೋ ತಗ್ಗಿಗೆ ಧಡಕ್ಕೆಂದು ಇಳಿಯಿತು. ಅದೇ ವಾರ ಗರ್ಭ ಹೋಯಿತು.

ಅತ್ತೆ ಗಂಗಾವತಿಯಿಂದ ಓಡಿ ಬಂದು ನನ್ನ ತಲೆ ಸವರುತ್ತಾ, "ಆ ರಸ್ತಿ ನುಂಗಿತವ್ವಾ ನನ್ನ ಮೊಮ್ಮಗನ್ನ," ಎಂದು ಅತ್ತರು. ನಾನೂ ನಂಬಿದೆ, ನನ್ನ ಗಂಡನೂ ನಂಬಿದರು. ಅವರಂತೂ ಒಂದು ಭಾನುವಾರ ಗೆಳೆಯನ ಟ್ರ್ಯಾಕ್ಟರಿನಲ್ಲಿ ಗರಸು ಮಣ್ಣು ಹೇರಿಸಿಕೊಂಡು ಹೋಗಿ ಆ ತಗ್ಗನ್ನು ಮುಚ್ಚಿ, ಮೇಲೆ ನಿಂತು ತುಳಿದು ಬಂದರು. ಸರಕಾರದ ರಸ್ತೆಗೆ ಮನೆಯ ಖರ್ಚಿನಲ್ಲಿ ಗರಸು ಹಾಕುವ ಪುಣ್ಯಾತ್ಮ ಯಾರಪ್ಪಾ ಎಂದು ಊರವರು ಕರೆದು ಚಹಾ ಕುಡಿಸಿದರಂತೆ. ಯಾಕೆ ಹಾಕಿದರೆಂದು ಅವರು ಯಾರಿಗೂ ಹೇಳಲಿಲ್ಲ.

ಎರಡನೆಯ ಸಲ ನಾನು ಟಂಟಂ ಹತ್ತಲೇ ಇಲ್ಲ. ಗಂಗಾವತಿಗೆ ಹೋಗುವಾಗಲೂ ಕನಕಗಿರಿಯ ಮೇಲಿಂದ ಹೋಗುವ ಸಮೀಪದ, ತಗ್ಗುದಿಣ್ಣೆಯ ದಾರಿ ಬಿಟ್ಟು, ಹೆದ್ದಾರಿ ಹಿಡಿದು ಸುತ್ತು ಹಾಕಿಕೊಂಡು ಹೋಗುತ್ತಿದ್ದೆವು. ಆ ಗರ್ಭವೂ ನಿಲ್ಲಲಿಲ್ಲ. ಹೆದ್ದಾರಿಯಿಂದ ಊರೊಳಗೆ ತಿರುಗುವಲ್ಲಿ ಒಂದು ಹಂಪ್ ಇದೆ, ಅತ್ತೆಯ ಸಿಟ್ಟೆಲ್ಲ ಅದರ ಮೇಲೆ ಬಿತ್ತು. ಮೂರನೆಯ ಸಲ ರಜೆ ಹಾಕಿ, ಕೊಪ್ಪಳದಲ್ಲಿ ಆಸ್ಪತ್ರೆಯ ಬೆನ್ನಿಗೇ ಇರುವ ಓಣಿಯಲ್ಲಿ ನೆಲಮಹಡಿಯ ಮನೆ ಬಾಡಿಗೆ ಹಿಡಿದು, ಹೊಸ್ತಿಲು ದಾಟದೆ ಮಲಗಿದೆ. ತಗ್ಗಿಲ್ಲ, ಹಂಪಿಲ್ಲ, ಮೆಟ್ಟಿಲೂ ಇಲ್ಲ. ಮಲಗಿದಲ್ಲಿಯೇ ಹೋಯಿತು.

ಆಮೇಲೆ ಅತ್ತೆಗೆ ಬೈಯಲು ಏನೂ ಉಳಿಯಲಿಲ್ಲ. ಕೆಟ್ಟ ಹೆಂಗಸಲ್ಲ ಅವರು. ನನಗೆಂದು ಅಂಟಿನುಂಡಿ ಕಟ್ಟಿ ಬಸ್ಸಿನಲ್ಲಿ ಕಳಿಸುತ್ತಿದ್ದರು, ಫೋನಿನಲ್ಲಿ ಮೊದಲು ನನ್ನನ್ನೇ ಕೇಳುತ್ತಿದ್ದರು. ಮೂರನೆಯದರ ನಂತರ ಮಾತು ಕಡಿಮೆಯಾಯಿತು. ನಾನು ಬಗ್ಗಿ ಕಸ ಗುಡಿಸುತ್ತಿದ್ದರೆ ಸುಮ್ಮನೆ ನನ್ನನ್ನು ನೋಡುತ್ತಾ ಕೂತಿರುತ್ತಿದ್ದರು. ಆ ನೋಟಕ್ಕಿಂತ ನಾಲ್ಕು ಮಾತು ಬೈದಿದ್ದರೆ ಚೆನ್ನಾಗಿತ್ತು. ನಾನೇನು ಕಮ್ಮಿ, ಸ್ನಾನದ ಮನೆಯಲ್ಲಿ ನನ್ನ ಮೈಯನ್ನು ನಾನೂ ಹಾಗೇ ನೋಡಿಕೊಳ್ಳುತ್ತಿದ್ದೆ.

ಹುಬ್ಬಳ್ಳಿಯ ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. "ಇನ್ನೊಂದು ಸಲ ನೋಡೋಣ. ಅದೂ ನಿಲ್ಲದಿದ್ರೆ ನಾನೇ ಬೇಡ ಅಂತೀನಿ. ನಿಮ್ಮ ವಯಸ್ಸೂ ನೋಡಬೇಕು, ನಿಮ್ಮ ಜೀವಾನೂ ನೋಡಬೇಕು."

ಈ ಮಾತು ಗಂಡ ಹೆಂಡತಿ ನಮ್ಮಿಬ್ಬರಲ್ಲೇ ಉಳಿಯಿತು, ಅತ್ತೆಗೆ ಹೇಳಲಿಲ್ಲ. ಸ್ವಲ್ಪ ದಿನ ಎಲ್ಲಾ ಮರೆತು ಬರೋಣ ಎಂದು ಅಂಡಮಾನಿಗೆ ಟಿಕೆಟ್ ಮಾಡಿಸಿದೆವು. ಹೊರಡುವುದು ಹತ್ತಿರ ಬಂದಾಗ ನನಗೆ ಮುಟ್ಟು ನಿಂತಿತು. ಪರೀಕ್ಷೆಯಲ್ಲಿ ಎರಡು ಗೆರೆ ಬಂದವು. ಗಂಡ ಟಿಕೆಟ್ ರದ್ದು ಮಾಡಿಸಲು ಎದ್ದರು. ಡಾಕ್ಟರು ಹೋಗಿಬರಬಹುದು ಎಂದರೂ ಅವರ ಮನಸ್ಸು ಒಪ್ಪಲಿಲ್ಲ. ಕೊನೆಗೆ ತೀರ್ಪು ಕೊಟ್ಟವರು ಅತ್ತೆ.

"ಇಮಾನದ ದಾರಿಯಾಗ ತಗ್ಗು ಎಲ್ಲಿ ಬರಬೇಕು? ಹಡಗೂ ನೀರ ಮ್ಯಾಲ ಹೋಗತೈತಿ. ಇಲ್ಲೆ ಕುಂತ್ರ ಆಕಿ ಚಿಂತಿ ಮಾಡಿ ಮಾಡಿ ಸೊರಗ್ತಾಳ. ಹೋಗಿ ಬರ್ರಿ," ಎಂದರು. ಆಮೇಲೆ ಮಗನ ಮೊಬೈಲಿನಲ್ಲಿ ಪ್ಯಾಕೇಜಿನ ಚಿತ್ರಗಳನ್ನು ನೋಡುತ್ತಾ ಒಂದು ಕಡೆ ಬೆರಳಿಟ್ಟರು. "ಇದೊಂದು ಜೀಪು ಮಾತ್ರ ಬ್ಯಾಡ ತಮ್ಮಾ."

ದ್ವೀಪಕ್ಕೆ ಹೋದ ಮೇಲೆ ನನ್ನ ಗಂಡನನ್ನು ನೋಡಬೇಕಿತ್ತು. ಎಲ್ಲರೂ ಸಮುದ್ರ ನೋಡಿದರೆ ಇವರು ನೆಲ ನೋಡುತ್ತಿದ್ದರು. ನನಗಿಂತ ಎರಡು ಹೆಜ್ಜೆ ಮುಂದೆ ನಡೆದು ಕಲ್ಲಿದ್ದರೆ ಕಾಲಿನಿಂದ ಸರಿಸುವರು. ಟ್ಯಾಕ್ಸಿಯವನಿಗೆ ಮೆಲ್ಲಗೆ, ಮೆಲ್ಲಗೆ ಎಂದು ಹೇಳಿದ್ದೇ ಹೇಳಿದ್ದು, ಆತ ನಮ್ಮನ್ನು ಇಳಿಸುವಾಗ ಕೈ ಮುಗಿದ. ನಾನು ನಕ್ಕುಬಿಟ್ಟೆ. ಎಷ್ಟೋ ವರ್ಷಗಳ ಮೇಲೆ ಹಾಗೆ ನಕ್ಕೆ. ಆ ಎರಡು ಮೂರು ದಿನ ನಾನು ಸುಖವಾಗಿದ್ದೆ, ಅದನ್ನು ಇಲ್ಲವೆನ್ನುವುದು ತಪ್ಪಾಗುತ್ತದೆ.

ಟಿಕೆಟಿನ ಜೊತೆಗೆ ನಾವು ಮೊದಲೇ ಬರೆಸಿದ್ದ ಜೀಪಿನ ಸವಾರಿಯ ದಿನ ಬೆಳಿಗ್ಗೆ ಎದ್ದಾಗ ಹೊಟ್ಟೆ ಹಿಂಡುತ್ತಿತ್ತು. ಬಚ್ಚಲಿಗೆ ಹೋದೆ. ರಕ್ತ ಕಂಡಿತು. ಮೂರು ಸಲ ನೋಡಿದವಳಿಗೆ ನಾಲ್ಕನೆಯ ಸಲ ಯಾರೂ ಬಿಡಿಸಿ ಹೇಳಬೇಕಿಲ್ಲ. ಆದರೂ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಎಷ್ಟು, ಯಾವಾಗಿನಿಂದ, ನೋವು ಹೇಗಿದೆ ಎಂದೆಲ್ಲ ಕೇಳಿದರು. "ಅಲ್ಲೇ ಒಬ್ಬ ಡಾಕ್ಟರಿಗೆ ತೋರಿಸಿಕೊಳ್ಳಿ. ಊರಿಗೆ ಬಂದ ಮೇಲೆ ನನ್ನ ಹತ್ತಿರ ಬನ್ನಿ. ಮನಸ್ಸು ಗಟ್ಟಿ ಮಾಡ್ಕೊಳ್ಳಿ," ಎಂದರು.

ಹೊರಗೆ ಬಂದರೆ ಗಂಡ ಎಳನೀರು ಹಿಡಿದುಕೊಂಡು ನಿಂತಿದ್ದರು. ತೆಳು ಗಂಜಿ ಇರುವಂಥದ್ದೇ ಬೇಕೆಂದು ಅಂಗಡಿಯವನ ಜೊತೆ ವಾದ ಮಾಡಿ ತಂದಿದ್ದರು. ಮುಖದ ತುಂಬ ಸಂಭ್ರಮ. ಎಳನೀರು ಕುಡಿದೆ. ಅವರು ಕಾಯಿ ಒಡೆಸಿಕೊಂಡು ಬಂದು ಗಂಜಿಯನ್ನೂ ತಿನ್ನಿಸಿದರು.

ಜೀಪು ನಿಲ್ಲುವ ಜಾಗಕ್ಕೆ ಹೋದದ್ದು ನಾವು ಬರುವುದಿಲ್ಲ ಎಂದು ಹೇಳಲಿಕ್ಕೆ ಮಾತ್ರ. ಅಲ್ಲೊಂದು ಬೋರ್ಡು. ಬಸುರಿಯರು, ಬೆನ್ನುನೋವಿನವರು, ಹೃದಯದ ತೊಂದರೆ ಇರುವವರು ಹತ್ತಬಾರದು. ಗೈಡು ನಡುವಯಸ್ಸಿನ ತೆಲುಗಿನವನು. ನನ್ನ ಗಂಡ ಗಂಗಾವತಿಯ ಕಾಲುವೆ ಸೀಮೆಗೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳ ಹುಡುಗರ ಜೊತೆ ಓದಿದವರಾದ್ದರಿಂದ ತೆಲುಗು ಸಲೀಸು. ಆತ ಯಾಕೆ ಬರುವುದಿಲ್ಲ ಎಂದು ಕೇಳಿದ. ಇವರು ಬೋರ್ಡಿನ ಮೊದಲ ಸಾಲಿಗೆ ಬೆರಳು ತೋರಿಸಿ, ನನ್ನ ಕಡೆ ತಿರುಗಿ, ನಾಚಿಕೊಂಡು ಏನೋ ಹೇಳಿದರು. ಅಷ್ಟು ತೆಲುಗು ನನಗೂ ಬರುತ್ತದೆ. ಆತ ಇವರ ಕೈ ಹಿಡಿದು ಕುಲುಕಿದ, ನನಗೆ ನಮಸ್ಕಾರ ಮಾಡಿದ. ನಮ್ಮಲ್ಲಿ ಮೂರು ತಿಂಗಳು ತುಂಬುವ ಮೊದಲು ಹೊರಗಿನವರಿಗೆ ಹೇಳುವುದಿಲ್ಲ. ಅಷ್ಟು ವರ್ಷ ಬಾಯಿ ಬಿಗಿಹಿಡಿದಿದ್ದವರು, ನಮ್ಮನ್ನು ಮತ್ತೆಂದೂ ನೋಡದ ಒಬ್ಬ ಮನುಷ್ಯ ಸಿಕ್ಕನೆಂದು ಆಸೆಪಟ್ಟು ಹೇಳಿಕೊಂಡಿದ್ದರು.

"ನೀ ಆ ಗಿಡದ ನೆರಳಾಗ ಕುಂದ್ರು. ಇವರು ಹೋಗಲಿ, ನಾವು ಸಮುದ್ರದ ಕಡೆ ಹೋಗೂಣು," ಎಂದರು.

ನಾನು ಜೀಪಿನ ಮೆಟ್ಟಿಲ ಮೇಲೆ ಕಾಲಿಟ್ಟೆ. ಅವರು ರಟ್ಟೆ ಹಿಡಿದರು.

"ಏನ್ ಮಾಡಾಕತ್ತಿ?"

"ಹತ್ತಾಕತ್ತೀನ್ರಿ."

"ಹುಚ್ಚು ಹಿಡಿದೈತೇನು? ಬೋರ್ಡ್ ಓದಿಲ್ಲ?"

"ಓದೀನ್ರಿ. ಆ ಬೋರ್ಡು ಈಗ ನನಗಲ್ಲ."

ಬೇರೆ ಹೇಗೆ ಹೇಳಬಹುದಿತ್ತೋ ನನಗೆ ಗೊತ್ತಿಲ್ಲ. ಅವರ ಕೈ ನನ್ನ ರಟ್ಟೆಯ ಮೇಲೆ ಹಾಗೇ ಇತ್ತು, ಹಿಡಿತ ಮಾತ್ರ ಸಡಿಲವಾಯಿತು. ಗೈಡು ಗಾಬರಿಯಾಗಿ ಬೇಡ ಬೇಡ ಎಂದು ಮುಂದೆ ಬಂದ. ಇವರು ಅವನಿಗೆ ತೆಲುಗಿನಲ್ಲಿ ಎರಡೇ ಮಾತು ಹೇಳಿದರು. ಆತ ತಲೆ ತಗ್ಗಿಸಿ ಹಿಂದೆ ಸರಿದ. ಇವರೂ ಹತ್ತಿ ನನ್ನ ಪಕ್ಕದಲ್ಲಿ ಕೂತರು.

ಇನ್ನು ಆ ಸವಾರಿ. ಒಳ್ಳೆಯ ಸವಾರಿಯೇ ಅದು, ಅನ್ಯಾಯದ ಮಾತು ಆಡಬಾರದು. ಮುಗಿಲು ಮುಟ್ಟುವ ಮರಗಳು, ನೀರಿನಲ್ಲಿ ಬೇರು ಊರಿಕೊಂಡು ನಿಂತ ಗಿಡಗಳು, ಒಂದು ಕಾಲಕ್ಕೆ ಆನೆಗಳು ದಿಮ್ಮಿ ಎಳೆದ ದಾರಿ. ಗೈಡಿಲ್ಲದೆ ಹೋದರೆ ಇವನ್ನೆಲ್ಲ ಬರೀ ಹಸಿರು ಎಂದುಕೊಂಡು ಬರಬೇಕು. ಎದುರಿಗಿದ್ದ ಹೊಸ ಜೋಡಿ ಪ್ರತಿ ತಗ್ಗಿಗೂ ಹೋ ಎಂದು ಕೂಗಿ ನಗುತ್ತಿತ್ತು. ಮೊದಲ ತಗ್ಗು ಬಂದಾಗ ನನ್ನ ಗಂಡನ ಕೈ ತಾನಾಗಿ ಚಾಚಿ ನನ್ನ ಹೊಟ್ಟೆಗೆ ಅಡ್ಡ ಬಂತು. ನೆನಪಾಗಿ ಹಿಂದೆ ತೆಗೆದುಕೊಂಡರು. ಆಮೇಲೆ ಎರಡೂ ಕೈಯಿಂದ ಕಬ್ಬಿಣದ ಸರಳು ಹಿಡಿದು ಹೊರಗೆ ನೋಡುತ್ತಾ ಕೂತುಬಿಟ್ಟರು.

ನನಗೆ ಸಿಟ್ಟು ಬಂದಿತ್ತು. ಇನ್ನೂ ದೊಡ್ಡ ತಗ್ಗು ಬರಲಿ, ಇನ್ನೂ ಜೋರಾಗಿ ಎತ್ತಿ ಹಾಕಲಿ ಎಂದು ಹಲ್ಲು ಕಚ್ಚಿ ಕೂತಿದ್ದೆ. ನನ್ನ ಸಂಸಾರವೆಲ್ಲ ತಗ್ಗು ತಪ್ಪಿಸುವುದರಲ್ಲಿಯೇ ಕಳೆದುಹೋಯಿತು, ಈಗ ಎಲ್ಲವೂ ಬರಲಿ. ಜೀಪು ಎಗರುತ್ತಿತ್ತು, ವಾಲುತ್ತಿತ್ತು, ನನಗೆ ಒಂದಿಷ್ಟೂ ಹೆದರಿಕೆಯಾಗಲಿಲ್ಲ. ಹೆದರಲಿಕ್ಕೆ ನನ್ನೊಳಗೆ ಏನೂ ಉಳಿದಿಲ್ಲ ಎಂದು ಆಗ ತಿಳಿಯಿತು. ಹೆದರಿಕೆ ಇದ್ದ ದಿನಗಳೇ ಎಷ್ಟೋ ಪಾಲು ವಾಸಿ. ಅಲ್ಲಿಯವರೆಗೆ ಬಾರದ ಅಳು ಆಗ ಬಂತು. ಎದುರಿನ ಹುಡುಗಿ ನನಗೆ ಭಯವಾಗಿದೆ ಎಂದುಕೊಂಡು ನೀರಿನ ಬಾಟಲಿ ಕೊಟ್ಟಳು.

ಗುಡ್ಡದ ಮೇಲೆ ಜೀಪು ನಿಂತಿತು. ಎಲ್ಲರೂ ಫೋಟೋ ತೆಗೆಯಲು ಇಳಿದು ಹೋದರು, ನಾವಿಬ್ಬರು ಸ್ವಲ್ಪ ಮೇಲೆ ಹೋಗಿ ಒಂದು ಬಂಡೆಯ ಮೇಲೆ ಕೂತೆವು. ಆ ಕಾಡುದಾರಿಯಲ್ಲಿ ಅಲ್ಲಿ ಮಾತ್ರ ಮೊಬೈಲಿಗೆ ಸಿಗ್ನಲ್ ಬರುತ್ತಿತ್ತು. ಬಂದ ಕೂಡಲೇ ಅತ್ತೆಯ ಫೋನು. ಅವರಿಗೆ ಕಿವಿ ಸ್ವಲ್ಪ ಮಂದ, ಗಟ್ಟಿಯಾಗಿ ಮಾತಾಡುತ್ತಾರೆ. ಪಕ್ಕದಲ್ಲಿದ್ದ ನನಗೆ ಎಲ್ಲವೂ ಕೇಳಿಸುತ್ತಿತ್ತು.

"ಹ್ಯಾಂಗದಾಳೋ ಆಕಿ? ಉಂಡಾಳೇನು?"

ಇವರು ಸಮುದ್ರದ ಕಡೆ ತಿರುಗಿದರು. "ಜೀಪ್ ಹತ್ತಿದ್ವಿ ಯವ್ವಾ."

"ಏನಂದಿ?"

"ಆಕಿ ಬ್ಯಾಡ ಅಂದ್ಲು. ನಾನ ಹತ್ತಿಸಿದೆ. ದಾರಿ ಭಾಳ ಕೆಟ್ಟಿತ್ತು. ಹೋತು ಯವ್ವಾ."

ನಾನು ಬೇಡವೆಂದು ಅವರ ತೋಳು ಹಿಡಿದೆ. ಅವರು ತಲೆ ಅಲ್ಲಾಡಿಸಿ ನನ್ನ ಕೈ ಬಿಡಿಸಿದರು.

ಅತ್ತೆ ಅತ್ತರು, ಬೈದರು. ಮಗನಿಗೆ ಅವರು ಹಾಗೆ ಬೈದದ್ದನ್ನು ನಾನು ಕೇಳಿಯೇ ಇರಲಿಲ್ಲ. ಬುದ್ಧಿಗೇಡಿ ಎಂದರು, ಕಣ್ಣು ಎಲ್ಲಿ ಇಟ್ಟಿದ್ದೆ ಎಂದರು, ಬೆರಳಿಟ್ಟು ತೋರಿಸಿ ಹೇಳಿರಲಿಲ್ಲವೇ ಎಂದರು. ಅಷ್ಟೂ ಅಳುವಿನ ನಡುವೆ ಅವರ ದನಿಗೆ ಹಳೆಯ ಕಸುವು ತಿರುಗಿ ಬಂದಿತ್ತು. ಕೊಪ್ಪಳದ ಮನೆಯಲ್ಲಿ ಮೂರನೆಯದು ಹೋದ ಮೇಲೆ ಅವರು ಇಷ್ಟು ಮಾತಾಡಿದ್ದೇ ಇಲ್ಲ. ಕೊನೆಗೆ ಮೂಗು ಒರೆಸಿಕೊಳ್ಳುವ ಸದ್ದು ಕೇಳಿಸಿತು.

"ಆಕೀಗೆ ಏನೂ ಅನಬ್ಯಾಡ. ಪಾಪ, ಆಕೀದೇನು ತಪ್ಪೈತಿ? ಎಲ್ಲಾ ಆ ಜೀಪಿಂದು. ಮುಂದಿನ ಸಲ ನಾನ ಬಂದು ಕುಷ್ಟಗ್ಯಾಗ ಇರ್ತೀನಿ. ಆಕೀನ್ನ ಎಲ್ಲೂ ಕಳಸಂಗಿಲ್ಲ."

"ಆತು ಯವ್ವಾ," ಎಂದು ಇವರು ಫೋನಿಟ್ಟರು.

ಕೆಳಗಿನಿಂದ ಗೈಡು ಎಲ್ಲರನ್ನೂ ಕೂಗುತ್ತಿದ್ದ. ನಾವಿಬ್ಬರೂ ಏಳಲಿಲ್ಲ.

"ಮುಂದಿನ ಸಲ ಅನ್ನೂದು ಇಲ್ಲಲ್ರಿ," ಎಂದೆ.

"ನಮಗ ಗೊತ್ತೈತಿ," ಎಂದರು. "ಅವ್ವಗ ಅದು ಇನ್ನೊಂದಿಷ್ಟು ದಿನ ಇರ್ಲಿ ಬಿಡು."