ನಿಮ್ಮ ನೀರಲ್ಲಿ ಸುಣ್ಣ ಉಂಟಾ?

ಅವರ ಹತ್ತೂ ಬೆರಳ ತುದಿಗಳಲ್ಲಿ ಕಡುನೇರಳೆ ಚುಕ್ಕೆಗಳಿದ್ದವು. ಕಾಪುವಿನ ದೀಪಸ್ತಂಭದ ಬಳಿ ಬಂಡೆಸಂದುಗಳಲ್ಲಿ ಸೀ ಅರ್ಚಿನ್ ಎಂಬ ಮುಳ್ಳುಚೆಂಡಿನಂಥ ಜೀವಿ ಇರುತ್ತದೆ. ಅದನ್ನು ಬಿಡಿಸುವಾಗ ಮುರಿದ ಮುಳ್ಳುಗಳು ಚರ್ಮದೊಳಗೇ ಉಳಿದು ಆದ ಚುಕ್ಕೆಗಳವು. ಅವರು ಅದನ್ನು ಮುಳ್ಳುಂಡೆ ಅನ್ನುತ್ತಿದ್ದರು. ನಾನು ಅವರನ್ನು ಅಕ್ಕ ಅನ್ನುತ್ತಿದ್ದೆ. ಬಾಯಲ್ಲಿ ಅಕ್ಕ, ಅಷ್ಟೇ.

ಆಗ ನಾನು ಮಣಿಪಾಲದ ಒಂದು ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ವೀರ್ಯಾಣು ತಾಗಿದ ಮುಳ್ಳುಂಡೆಯ ಮೊಟ್ಟೆಯೊಳಗೆ ಏನಾಗುತ್ತದೆ ಎಂಬುದು ನನ್ನ ವಿಷಯ. ಅಕ್ಕ ವಾರಕ್ಕೊಮ್ಮೆ ಬೆಳಿಗ್ಗೆ, ಒದ್ದೆ ಗೋಣಿ ಮುಚ್ಚಿದ ಮುಳ್ಳುಂಡೆಯ ಬಕೆಟ್ ಹಿಡಿದು, ಉಡುಪಿಯಲ್ಲಿ ಬಸ್ ಬದಲಿಸಿ ಬರುತ್ತಿದ್ದರು. ಕಂಡಕ್ಟರ್ "ಎಂತ ಅಕ್ಕ, ಮೀನಾ?" ಎಂದರೆ, "ಮೀನಲ್ಲ ಮಾರಾಯ, ಕಾಲೇಜಿನ ಸಾಮಾನು!" ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳುತ್ತಿದ್ದರಂತೆ. ಇನ್ನೊಂದು ಕೈಯಲ್ಲಿ ಅದೇ ಬಂಡೆಯ ಬುಡದ ನೀರು ತುಂಬಿದ ಕ್ಯಾನ್. "ಅದರ ನೀರು ಅದರ ಒಟ್ಟಿಗೇ ಬರ್ಬೇಕು ಮೇಡಂ." ಅವರು ಬೆನ್ನು ತಿರುಗಿಸಿದ ಕೂಡಲೇ ಆ ನೀರನ್ನು ನಾನು ಸಿಂಕಿಗೆ ಸುರಿಯುತ್ತಿದ್ದೆ. ಲವಣಗಳನ್ನು ನಾನೇ ತೂಗಿ ಬೆರೆಸಿದ ಶುದ್ಧ ಕಡಲನೀರೇ ನನಗೆ ಬೇಕಿತ್ತು.

ಒಮ್ಮೆ ಅವರಿಗೆ ಸೂಕ್ಷ್ಮದರ್ಶಕದಲ್ಲಿ ಒಂದು ಮೊಟ್ಟೆ ತೋರಿಸಿದೆ. ವೀರ್ಯಾಣು ತಾಗಿದ ಜಾಗದಿಂದ ಕ್ಯಾಲ್ಸಿಯಂ ಅಲೆಯೊಂದು ಮೊಟ್ಟೆಯ ಆಚೆ ತುದಿಯವರೆಗೆ ಓಡುತ್ತದೆ, ಹೊರಪದರದಡಿ ಹೆಣೆದುಕೊಂಡ ಪ್ರೋಟೀನಿನ ಎಳೆಗಳು ಅಲುಗಿ ಹೊಸದಾಗಿ ಕೂಡಿಕೊಳ್ಳುತ್ತವೆ, ಸುತ್ತ ಒಂದು ಪೊರೆ ಏಳುತ್ತದೆ ಎಂದೆ. ಪೊರೆ ಎದ್ದದ್ದು ಕಂಡು ಅವರು ಚಪ್ಪಾಳೆ ತಟ್ಟಿದರು. "ಒಬ್ಬ ಒಳಗೆ ಬಂದ ಕೂಡ್ಲೇ ಬಾಗಿಲು ಹಾಕಿದಳಲ್ಲ! ಜಾಣೆ!" ಕ್ಯಾಲ್ಸಿಯಂ ಎಂದರೆ ಎಂತ ಎಂದು ಕೇಳಿದರು. ನೀವು ಎಲೆಗೆ ಹಚ್ಚುವ ಸುಣ್ಣದಲ್ಲಿ ಇರುವುದೇ ಅದು ಎಂದೆ. ಅವರು ಅದನ್ನು ಮರೆಯಲಿಲ್ಲ.

ಕೆಲವು ತಿಂಗಳಾದ ಮೇಲೆ ಪೊರೆ ಏಳುವುದು ನಿಂತಿತು. ಒಂದು ವಾರ, ಎರಡು ವಾರ, ಮೂರು ವಾರ. ಗೈಡ್ ಸರ್ ಸಿಡಿಮಿಡಿಗೊಂಡರು. "ತಂದದ್ದೇ ಹಳಸಿದ್ದು ಸರ್. ಹಿಂದಿನ ದಿನ ಕಿತ್ತಿಟ್ಟು ತರ್ತಾರೆ" ಎಂದುಬಿಟ್ಟೆ. ಸುಳ್ಳು, ನಾನು ನೋಡಿದ್ದೇ ಇಲ್ಲ. ಅಕ್ಕ ಬಾಗಿಲಲ್ಲೇ ನಿಂತಿದ್ದರು.

"ಇಲ್ಲ ಸರ್, ಇವತ್ತೇ ಕಿತ್ತದ್ದು," ಎಂದರು. ಮತ್ತೆ ನನ್ನ ಕಡೆ ತಿರುಗಿ ಮೆಲ್ಲಗೆ, "ಮೇಡಂ, ನಿಮ್ಮ ನೀರಲ್ಲಿ ಸುಣ್ಣ ಉಂಟಾ?"

"ಮುಳ್ಳುಂಡೆ ತರುವುದು ನಿಮ್ಮ ಕೆಲಸ. ಪಾಠ ನನಗೆ ಬೇಡ!" ಎಂದೆ. ಥೂ, ಎಲುಬಿಲ್ಲದ ನಾಲಿಗೆ! ಅವರು ಬಕೆಟ್ ಖಾಲಿ ಮಾಡಿ, ಗೋಣಿ ಹಿಂಡಿ ಮಡಚಿಕೊಂಡು ಹೋದರು. ಮುಂದಿನ ವಾರದಿಂದ ಸರ್ ಬೇರೆಯವರನ್ನು ಗೊತ್ತುಮಾಡಿದರು.

ಬೇರೆಯವರು ತಂದದ್ದರಲ್ಲೂ ಪೊರೆ ಏಳಲಿಲ್ಲ. ಹೊಸ ನೀರು ಮಾಡೋಣವೆಂದು ಕಪಾಟು ತೆರೆದರೆ, ಕ್ಯಾಲ್ಸಿಯಂ ಕ್ಲೋರೈಡಿನ ಹೊಸ ಡಬ್ಬಿ ಸೀಲು ಕೂಡ ಒಡೆಯದೆ ಕೂತಿತ್ತು. ಹಳೆಯದು ಮುಗಿದಿತ್ತು, ಲ್ಯಾಬಿನ ಪುಸ್ತಕದಲ್ಲಿ ಮಾತ್ರ ಬೆರೆಸಿದ್ದೇನೆಂದು ಅಭ್ಯಾಸಬಲದಿಂದ ಟಿಕ್ ಹಾಕಿದ್ದೆ. ಸುಣ್ಣವೇ ಇಲ್ಲದ ನೀರಲ್ಲಿ ಅಷ್ಟು ದಿನ ಮೊಟ್ಟೆ ತೊಳೆದಿದ್ದೆ. ನನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿತ್ತು, ನಾನು ಪಕ್ಕದೆಲೆಯ ನೊಣ ತೋರಿಸಿದ್ದೆ.

ಸರ್‌ಗೆ "ನೀರು ಬದಲಿಸಿದೆ, ಸರಿಯಾಯಿತು" ಎಂದೆ. ಯಾರ ತಪ್ಪು ಎಂದು ಹೇಳಲಿಲ್ಲ. ಪದವಿ ಹೋಗುತ್ತದೆ ಎಂಬ ಹೆದರಿಕೆಯೂ ಅಲ್ಲ ಅದು, ಬರೀ ನಾಚಿಕೆ. ನಾಳೆ ಕಾಪುವಿಗೆ ಹೋಗುತ್ತೇನೆ, ನಾಡಿದ್ದು ಹೋಗುತ್ತೇನೆ ಎಂದುಕೊಳ್ಳುತ್ತಲೇ ಪ್ರಬಂಧ ಮುಗಿಯಿತು. ಕೃತಜ್ಞತೆಯ ಪುಟದಲ್ಲಿ ಸೂಕ್ಷ್ಮದರ್ಶಕ ರಿಪೇರಿ ಮಾಡಿದವರ ಹೆಸರೂ ಇದೆ. ಅಕ್ಕನದ್ದಿಲ್ಲ.

ಕಳೆದ ವರ್ಷ ಅವರು ತೀರಿಕೊಂಡರೆಂದು ತಿಳಿದು ಮನೆ ಹುಡುಕಿಕೊಂಡು ಹೋದೆ. ಮಗಳು ಕುರ್ಚಿ ಹಾಕಿ, ಶರಬತ್ತು ಕೊಟ್ಟಳು.

"ಅಮ್ಮ ಕಡೇವರೆಗೂ ಕೇಳ್ತಿದ್ರು. ಮಣಿಪಾಲದ ಮೇಡಮಿನ ಓದು ಎಂತಾಯ್ತೋ, ನಾನು ಕೊಟ್ಟದ್ದರಲ್ಲೇ ಏನೋ ದೋಷ ಇತ್ತು ಕಾಣ್ತದೆ ಅಂತ."

ದೋಷ ನನ್ನ ನೀರಿನಲ್ಲಿತ್ತು, ಅಮ್ಮ ಕೇಳಿದ್ದೇ ಸರಿ ಇತ್ತು ಎಂದು ಎಲ್ಲವನ್ನೂ ಹೇಳಿದೆ. ಅವಳು ಸಿಟ್ಟು ಮಾಡಲಿಲ್ಲ. ಹೊರಗೆ ಹೆದ್ದಾರಿಯ ಕಡೆ ನೋಡಿದಳು.

"ಇದನ್ನು ಅಮ್ಮನಿಗೆ ಹೇಳ್ಬಹುದಿತ್ತಲ್ಲ ಮೇಡಂ," ಎಂದಳು. "ಉಡುಪಿಯಿಂದ ಇಲ್ಲಿಗೆ ಬೇಕಾದಷ್ಟು ಬಸ್ ಉಂಟಲ್ಲ."