ಎದುರಂಗಡಿಯ ಸ್ಕ್ರೀನು

ಮಡಂತ್ಯಾರು ಪೇಟೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮದುವೆ, ಗೃಹಪ್ರವೇಶ, ಉತ್ತರಕ್ರಿಯೆ, ಯಾವುದರ ಕಾರ್ಡೇ ಆಗಲಿ, ನಾನೇ ಟೈಪ್ ಮಾಡಿ, ಚಂದ ಮಾಡಿ, ಅಚ್ಚಿಗೆ ಬಂಟ್ವಾಳಕ್ಕೆ ಕಳಿಸುತ್ತೇನೆ. ಇಪ್ಪತ್ತು ವರ್ಷ ನನಗೆ ಎದುರು ಯಾರೂ ಇರಲಿಲ್ಲ. ಆಮೇಲೆ ರಸ್ತೆಯ ಆಚೆ ಬದಿಯಲ್ಲಿ, ಸರಿಯಾಗಿ ನನ್ನ ಕುರ್ಚಿಗೆ ಎದುರಾಗಿ, ಒಬ್ಬಳು ಹುಡುಗಿ ಗಾಜಿನ ಬಾಗಿಲಿನ ಅಂಗಡಿ ಹಾಕಿದಳು. ಹುಡುಗಿ ಎಂದರೆ ಮದುವೆಯಾಗಿ ಮಗು ಇರುವವಳೇ. ನನಗಿಂತ ಹದಿನೈದು ವರ್ಷ ಚಿಕ್ಕವಳು ಎಂಬ ಸಂಕಟಕ್ಕೆ ಹುಡುಗಿ ಎನ್ನುತ್ತೇನೆ.

ಅವಳ ಕೆಲಸ ಚೆನ್ನಾಗಿದೆ ಎಂಬುದನ್ನಾದರೂ ನಾನು ಸಹಿಸಿಕೊಳ್ಳುತ್ತಿದ್ದೆನೋ ಏನೋ. ಸಹಿಸಲಾಗದೆ ಹೋದದ್ದು ಅವಳ ಕಂಪ್ಯೂಟರನ್ನು. ಗಾಜಿನ ಬಾಗಿಲಿನಾಚೆ ಅವಳ ಸ್ಕ್ರೀನು ನನಗೆ ಪೂರ್ತಿ ಕಾಣುತ್ತಿತ್ತು. ವಿಂಡೋವನ್ನು ಹಿಡಿದು ಎಳೆದರೆ ಅದು ಹಲಸಿನ ಎಲೆಯಿಂದ ಬಿಡಿಸಿದ ಬಿಸಿ ಕಡುಬಿನಂತೆ ಕುಲುಕುತ್ತಿತ್ತು. ಎಳೆಯುವಷ್ಟು ಹೊತ್ತು ಗಾಜಾಗಿ, ಹಿಂದಿನದ್ದೆಲ್ಲ ಮಸುಕಾಗಿ ತೋರುತ್ತಿತ್ತು. ಮುಚ್ಚಿದರೆ ಕರಗಿ ಹೋಗುತ್ತಿತ್ತು. ನನ್ನದರಲ್ಲಿ ವಿಂಡೋ ಎಂದರೆ ಬೂದು ಬಣ್ಣದ ಒಂದು ಚೌಕ. ತೆರೆದರೆ ತೆರೆಯಿತು, ಮುಚ್ಚಿದರೆ ಮುಚ್ಚಿತು. ಕಾರ್ಡಿಗೆ ಇದರಿಂದ ಒಂದು ಅಕ್ಷರದ ಉಪಯೋಗವೂ ಇಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರೆ ಹೊಟ್ಟೆ ಉರಿ ಕಡಿಮೆಯಾಗುತ್ತದೆಯೇ?

ನಮ್ಮಿಬ್ಬರ ಕಂಪ್ಯೂಟರಿಗೂ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಟ್ಟವನು ಒಬ್ಬನೇ, ಮೂಡುಬಿದಿರೆಯಿಂದ ಬರುವ ರಿಪೇರಿಯವನು. ನನ್ನದರಲ್ಲೂ ಅದೆಲ್ಲ ಆಗುತ್ತದೆಯೇ ಎಂದು ಅವನನ್ನು ಕೇಳಿದೆ. ಎದುರಂಗಡಿಯ ಹೆಸರೆತ್ತಲಿಲ್ಲ. ನನ್ನದು ಹಳೆಯ ಕಂಪ್ಯೂಟರ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಚಿತ್ರ ತೋರಿಸುವ ಕೆಲಸವೂ ಉಳಿದೆಲ್ಲ ಕೆಲಸ ಮಾಡುವ ಒಳಗಿನ ಒಂದೇ ಚಿಪ್‌ನದ್ದು. ಆಗುವುದಿಲ್ಲ ಎನ್ನುತ್ತಾನೆ, ಹೊಸತು ತೆಗೆದುಕೊಳ್ಳಲು ಮನೆಯಲ್ಲಿ ಹೇಳಲು ಒಂದು ಕಾರಣ ಸಿಗುತ್ತದೆ ಎಂದುಕೊಂಡಿದ್ದೆ.

"ಆಗದೆ ಏನು ಅಕ್ಕ, ಧಾರಾಳ ಆಗ್ತದೆ," ಎಂದ. "ಕುಲುಕುವುದು, ಗಾಜಾಗುವುದೆಲ್ಲ ಅದಕ್ಕೆ ಭಾರ ಅಲ್ಲ. ಹಿಂದಿನದ್ದನ್ನು ಮಸುಕು ಮಾಡ್ಲಿಕ್ಕೆ ಉಂಟಲ್ಲ, ಅಲ್ಲಿ ಬೆವರುವುದು. ಮತ್ತೆ, ಅದಕ್ಕೆ ಸ್ವಂತ ಮೆಮೊರಿ ಇಲ್ಲ, ಇರುವುದನ್ನೇ ಹಂಚಿಕೊಂಡು ತಿನ್ನುವುದು. ದೊಡ್ಡ ಫೋಟೊ ತೆರೆದು ಇಟ್ಟುಕೊಂಡು ಆಟ ಆಡ್ಬೇಡಿ, ಅಷ್ಟೇ."

ಅವನು ಎಲ್ಲವನ್ನೂ ಚಾಲೂ ಮಾಡಿದ. ಮೌಸ್ ಎಳೆದಲ್ಲಿಗೆ ವಿಂಡೋ ಅರೆ ಕ್ಷಣ ತಡವಾಗಿ ಬರುತ್ತಿತ್ತು. ಮಸುಕು ಮಾಡುವುದನ್ನು ಬಂದ್ ಮಾಡಿದ ಮೇಲೆ ಸರಾಗವಾಯಿತು. ಹಾಗಾಗಿ ನನ್ನ ಗಾಜು ಅವಳದ್ದಕ್ಕಿಂತಲೂ ನಿಚ್ಚಳ; ಎಳೆಯುವಾಗ ಹಿಂದೆ ಏನಿದೆಯೋ ಅದು ಅಕ್ಷರ ಸಹಿತ ಕಾಣುತ್ತಿತ್ತು. ಅದನ್ನೇ ಒಂದು ಹೆಚ್ಚುಗಾರಿಕೆ ಎಂದುಕೊಂಡು ಎರಡು ದಿನ ಕೆಲಸ ಬಿಟ್ಟು ವಿಂಡೋ ಕುಲುಕಿಸಿದೆ, ಬಾಗಿಲು ಪೂರ್ತಿ ತೆರೆದಿಟ್ಟು, ಆಚೆ ಕಾಣುವ ಹಾಗೆ. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡ ಕತೆ ನೆನಪಾಗಬೇಕಿತ್ತು, ಆಗಲಿಲ್ಲ.

ಇಷ್ಟೆಲ್ಲ ಮಾಡಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು, ಒಂದು ಮದುವೆ. ನಮ್ಮ ಕಡೆಯ ಒಂದು ದೊಡ್ಡ ಮನೆತನದ ಕಾರ್ಡುಗಳೆಲ್ಲ ನನ್ನಲ್ಲಿಯೇ ಆಗುವುದು. ಆ ಮನೆಯ ಕಾರ್ಡು ಟೈಪ್ ಮಾಡುವುದು ಹುಡುಗಾಟವಲ್ಲ. ಸೋದರಮಾವಂದಿರ ಹೆಸರು ಯಾವ ಸಾಲಿನಲ್ಲಿ ಬರಬೇಕು, ಯಾರ ಕೆಳಗೆ ಯಾರು, ಗಲ್ಫಿನಲ್ಲಿರುವ ಕಿರಿಯವನನ್ನು ಊರಿನಲ್ಲಿರುವ ಹಿರಿಯವನ ಪಕ್ಕ ಹಾಕಬಹುದೇ ಇಲ್ಲವೇ, ಎಲ್ಲ ಗೊತ್ತಿರಬೇಕು; ಒಂದು ಹೆಸರು ಕೆಳಗಾದರೆ ಮದುವೆಯ ಊಟಕ್ಕೆ ಒಂದು ಮನೆಯವರು ಬರುವುದಿಲ್ಲ. ಹಿರಿಯ ಇಬ್ಬರು ಹೆಣ್ಣುಮಕ್ಕಳ ಕಾರ್ಡು ನಾನೇ ಮಾಡಿದ್ದೆ. ಈಗ ಮೂರನೆಯವಳದ್ದು, ಕೊನೆಯದ್ದು. ಕಾರ್ಡಿನ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಅಂಗಡಿಯ ಹೆಸರಿರುತ್ತದೆ. ಅದು ಎದುರಂಗಡಿಯ ಹೆಸರಾದರೆ ಬೆಳ್ತಂಗಡಿಯಿಂದ ಮೂಡುಬಿದಿರೆಯವರೆಗೆ ಮನೆಮನೆಗೂ ಹೋಗಿ ನಾನು ಮುಗಿದೆ ಎಂದು ಹೇಳಿ ಬಂದ ಹಾಗೆ.

ಆ ಮನೆಯವರು ಕಾರ್ಡು ನೋಡಲು ಬಂದ ದಿನ ಬೆಳಗ್ಗೆ ನಾನು ಒಂದು ಉತ್ತರಕ್ರಿಯೆಯ ಕಾರ್ಡು ಮಾಡುತ್ತಿದ್ದೆ. ತೀರಿಕೊಂಡವರ ಫೋಟೊವನ್ನು ಅವರ ಮಗ ಸ್ಟುಡಿಯೋದಿಂದ ದೊಡ್ಡದಾಗಿಯೇ ತಂದಿದ್ದ. ಶುಭದ ಕಾರ್ಡನ್ನೂ ಸಾವಿನ ಬೊಜ್ಜದ ಕಾರ್ಡನ್ನೂ ಒಟ್ಟಿಗೆ ಮೇಜಿನ ಮೇಲೆ ಇಡುವ ಕ್ರಮ ನಮ್ಮಲ್ಲಿಲ್ಲ, ಕಾಗದದ ರಾಶಿಯನ್ನೂ ಬೇರೆ ಬೇರೆ ಕಪಾಟಿನಲ್ಲಿ ಇಡುತ್ತೇನೆ. ಸ್ಕ್ರೀನಿನಲ್ಲಿ ಮಾತ್ರ ಒಂದರ ಮೇಲೆ ಇನ್ನೊಂದನ್ನು ತೆರೆದರೆ ಸಾಕಾಗುತ್ತಿತ್ತು. ಇಪ್ಪತ್ತು ವರ್ಷದ ಅಭ್ಯಾಸ, ಮೇಲಿನದ್ದು ಕೆಳಗಿನದ್ದನ್ನು ಮುಚ್ಚಿಬಿಡುತ್ತದೆ. ಮದುವೆ ಮನೆಯವರ ಜೀಪು ನಿಂತದ್ದು ಕೇಳಿ ಮದುವೆಯ ಕಾರ್ಡನ್ನು ಮೇಲೆ ತೆರೆದೆ.

ಮದುಮಗಳ ಅಜ್ಜಿ, ತಾಯಿ, ದೊಡ್ಡ ಮಾವ ನನ್ನ ಹಿಂದೆ ಕುರ್ಚಿಯಲ್ಲಿ ಕುಳಿತರು. ಮಾವ ಹೆಸರುಗಳನ್ನು ಒಂದೊಂದಾಗಿ ಓದಿ, ಇಪ್ಪತ್ತೊಂದು ಹೆಸರೂ ಸರಿ ಎಂದರು. ಅಲ್ಲಿಗೆ ನಿಲ್ಲಿಸಿದ್ದರೆ ಮುಗಿದಿತ್ತು. ಆದರೆ ಎದುರಂಗಡಿಯವಳು ಆ ಹೊತ್ತಿಗೆ ಬಾಗಿಲಿನಲ್ಲಿ ನಿಂತು ಈಚೆ ನೋಡುತ್ತಿದ್ದಳು. ಅಜ್ಜಿಗೆ ಸರಿಯಾಗಿ ಕಾಣಲಿ ಎಂಬ ನೆವದಲ್ಲಿ ನಾನು ವಿಂಡೋವನ್ನು ಹಿಡಿದು ಎಳೆದೆ.

ಅದು ಕುಲುಕಿತು, ಗಾಜಾಯಿತು, ಮತ್ತು ಅಲ್ಲೇ ನಿಂತುಬಿಟ್ಟಿತು. ಆ ದೊಡ್ಡ ಫೋಟೊ ಮೆಮೊರಿಯನ್ನೆಲ್ಲ ತಿಂದು ಕೂತಿತ್ತು. ಮದುಮಗಳ ಹೆಸರಿನ ಹಿಂದಿನಿಂದ ಹಾರ ಹಾಕಿದ ಮುದುಕರೊಬ್ಬರು ನಿಚ್ಚಳವಾಗಿ ನಮ್ಮನ್ನು ನೋಡುತ್ತಿದ್ದರು. 'ಶುಭವಿವಾಹ'ದ ಎಡೆಯಲ್ಲಿ 'ಸದ್ಗತಿ' ಎಂದಿತ್ತು. ಮೌಸ್ ಅಲುಗಾಡಲಿಲ್ಲ. ನಾನು ಸ್ವಿಚ್ಚು ಆರಿಸಿದೆ. ತಾಯಿ ಕಣ್ಣೊರೆಸಿಕೊಂಡರು. ಅಜ್ಜಿ ಬೈಯಲಿಲ್ಲ, ಎದ್ದರು.

"ಈ ಸ್ಕ್ರೀನಿನಲ್ಲಿ ನಮ್ಮ ಮಗುವಿನ ಕಾರ್ಡು ಬೇಡ ಮಗಾ," ಎಂದರು. ಮೂವರೂ ರಸ್ತೆ ದಾಟಿ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋದರು.

ನಾನು ಕಂಪ್ಯೂಟರಿಗೆ ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಳೆಯ ಚಿಪ್ ಪಾಪ, ಹೇಳಿದ್ದನ್ನೆಲ್ಲ ಮಾಡಿತ್ತು. ಮಾಡಬೇಡಿ ಎಂದದ್ದನ್ನು ಮಾಡಿದವಳು ನಾನು.

ಅರ್ಧ ಗಂಟೆಯಲ್ಲಿ ಎದುರಂಗಡಿಯವಳು ಬಂದು ನನ್ನ ಮೆಟ್ಟಿಲಿನಲ್ಲಿ ನಿಂತಳು. ಜಂಬ ತೋರಿಸಲು ಬಂದಳು ಎಂದು ಮುಖ ತಿರುಗಿಸಿಕೊಂಡೆ. ಅವಳು ತುಳುವಿನಲ್ಲಿ, ಮೆಲ್ಲಗೆ ಹೇಳಿದಳು.

"ಅಜ್ಜಿಗೆ ಬೇಡದ್ದು ಆ ಸ್ಕ್ರೀನು ಅಕ್ಕ, ನೀವಲ್ಲ. ನೀವು ಬಂದು ಮಾಡಿದರೆ ಆಗ್ಬಹುದಾ ಅಂತ ಕೇಳಿದೆ, ಆಗಬಹುದು ಅಂದರು. ಅವರ ಹೆಸರುಗಳ ಸಾಲು ನಿಮಗೇ ಗೊತ್ತು. ನನ್ನದರಲ್ಲಿ ಕೂತು ನೀವೇ ಮಾಡಿ."

ಹೋಗಬಾರದು ಎಂದು ಮನಸ್ಸು ಹೇಳಿತು, ಕಾಲು ಹೋಯಿತು. ಆ ಮನೆಗೆ ನಾನು ಹಿಂದೆ ಮಾಡಿದ್ದ ಕಾರ್ಡಿನ ಒಂದು ಪ್ರತಿ ಹಿಡಿದುಕೊಂಡು ಅವಳ ಕುರ್ಚಿಯಲ್ಲಿ ಕುಳಿತೆ. ಅವಳು ನೀರು ತರಲು ಒಳಗೆ ಹೋದಾಗ, ನಾಚಿಕೆ ಬಿಟ್ಟು, ಕಂಪ್ಯೂಟರಿನಲ್ಲಿ ಏನಿದೆ ಎಂದು ತೆರೆದು ನೋಡಿದೆ. ನನ್ನದರಂಥದ್ದೇ ಚಿಪ್, ನನ್ನದಕ್ಕಿಂತ ಒಂದು ತಲೆಮಾರು ಹಳೆಯದು. ಬೇರೆ ಗ್ರಾಫಿಕ್ಸ್ ಕಾರ್ಡಿಲ್ಲ. ಹೆಚ್ಚಿನ ಮೆಮೊರಿ ಹಾಕಿಸಿದ್ದಳು, ಅಷ್ಟೇ. ಆದರೆ ವಿಂಡೋ ಎಳೆದರೆ ಏನೂ ಕುಲುಕಲಿಲ್ಲ.

ಅವಳು ನೀರು ತಂದಾಗ, ಏನಾಯಿತು ಇದಕ್ಕೆ ಎಂದು ಕೇಳಿದೆ.

"ಜನ ಕೂತಿರುವಾಗ ಅದನ್ನೆಲ್ಲ ಬಂದ್ ಮಾಡ್ತೇನೆ ಅಕ್ಕ. ಪ್ರಾಯ ಆದವರಿಗೆ ಓದ್ಲಿಕ್ಕೆ ಆಗುವುದಿಲ್ಲ. ಅದು ಯಾರೂ ಬಾರದಾಗ ನನಗೆ ಹೊತ್ತು ಹೋಗ್ಲಿಕ್ಕೆ."

ಅಂದರೆ ನಾನು ಇಷ್ಟು ದಿನ ಹೊಟ್ಟೆ ಉರಿಸಿಕೊಂಡು ನೋಡಿದ್ದು, ಗಿರಾಕಿಯಿಲ್ಲದೆ ಕುಳಿತ ಒಬ್ಬಳನ್ನು. ಆ ಕ್ಷಣ ಉರಿ ಇಳಿಯಬೇಕಿತ್ತು. ಇಳಿಯಲಿಲ್ಲ. ಅವಳ ಸ್ಕ್ರೀನಿನಂಥದ್ದನ್ನು ನನ್ನದರಲ್ಲಿ ಮಾಡಿಸಿಕೊಳ್ಳಬಹುದು. ರಸ್ತೆ ದಾಟಿ ಬಂದು ಹಾಗೆ ಕರೆಯುವ ಗುಣವನ್ನು ನಾನು ಯಾವ ರಿಪೇರಿಯವನಲ್ಲಿ ಕೇಳಲಿ?

ಅಜ್ಜಿ ಪಕ್ಕದಲ್ಲಿ ಕುಳಿತು ಇಪ್ಪತ್ತೊಂದು ಹೆಸರನ್ನೂ ಮತ್ತೆ ಓದಿಸಿಕೊಂಡು ತಲೆಯಾಡಿಸಿದರು. ಕೊನೆಯ ಸಾಲಿಗೆ ಬಂದಾಗ ನನ್ನ ಬೆರಳು ಸ್ವಲ್ಪ ನಿಂತಿತು. ಆಮೇಲೆ ನನ್ನ ಅಂಗಡಿಯ ಹೆಸರನ್ನೇ ಟೈಪ್ ಮಾಡಿದೆ. ಅವಳು ಹಿಂದೆ ನಿಂತು ಓದಿದಳು. ಅವಳದ್ದನ್ನೂ ಹಾಕಬಹುದಲ್ಲ ಎಂದು ಕೇಳುತ್ತಾಳೆಂದು ಕಾದೆ. ಕೇಳಿದ್ದರೆ ಒಂದು ಜಗಳವನ್ನಾದರೂ ಮಾಡಬಹುದಿತ್ತು. ಅವಳು ಅಕ್ಷರ ಸ್ವಲ್ಪ ಸಣ್ಣದಾಯಿತು ಅಕ್ಕ ಎಂದು ಹೇಳಿ, ನನ್ನ ಕೈಯಿಂದ ಮೌಸ್ ತೆಗೆದುಕೊಂಡು, ನನ್ನ ಹೆಸರನ್ನು ತಾನೇ ದೊಡ್ಡದು ಮಾಡಿದಳು.