ಐದು ಬೆರಳಿಗೆ ಕೂರದ ಹಿಡಿ

ಚಾಕುವಿಗೆ ಕೊಂಬಿನ ಹಿಡಿ ಹಾಕುವವರ ಮನೆಗೆ ಸೊಸೆಯಾಗಿ ಬಂದಾಗ ಅವಳಿಗೆ ತಲೆನೋವು ತಂದದ್ದು ಅತ್ತೆಯಲ್ಲ, ವಾಸನೆ. ಎಮ್ಮೆಕೊಂಬಿಗೆ ಗರಗಸ ಇಟ್ಟರೆ ಸಾಕು, ಕೂದಲು ಸುಟ್ಟ ನಾತ ಬೀದಿಗೆಲ್ಲ ಹರಡುತ್ತಿತ್ತು. ಪಕ್ಕದ ಮನೆಯಾಕೆ ಕಿಟಕಿಯಿಂದ ಕತ್ತು ಚಾಚಿ, "ಇವತ್ತು ಯಾರ ಜುಟ್ಟಿಗೆ ಬೆಂಕಿ ಬಿತ್ರೀ?" ಎಂದು ಕೇಳದ ದಿನವಿಲ್ಲ.

ಕಸುಬು ಮಾವನದು. ಗಂಡನಿಗೋ ಕೊಂಬಿನ ಪುಡಿ ಮೂಗಿಗೆ ಸೋಕಿದರೆ ಹನ್ನೆರಡು ಸೀನು. ಅವನು ಬಸ್ ಓಡಿಸಲು ಹೋದ. ಇವಳು ಸುಮ್ಮನೆ ಕೂರುವ ಪೈಕಿಯಲ್ಲ. ಹೊತ್ತು ಹೋಗಲೆಂದು ಅರ ಹಿಡಿದು ಉಜ್ಜಲು ಕೂತವಳು, ಕೊಂಬನ್ನು ಕಾಯಿಸಿ, ಒತ್ತಿ ಚಪ್ಪಟೆ ಮಾಡಿ, ಹಿತ್ತಾಳೆ ಮೊಳೆ ಬಡಿದು, ಕನ್ನಡಿಯ ಹಾಗೆ ಹೊಳಪು ಕೊಡುವಷ್ಟು ಪಳಗಿಬಿಟ್ಟಳು. ಮಾವ ಮಾತ್ರ ಒಂದು ದಿನವೂ ಬಾಯಿಬಿಟ್ಟು ಭೇಷ್ ಅಂದವರಲ್ಲ. "ಹೂಂ" ಅಂದರೆ ಅದೇ ಹೆಚ್ಚು.

ಒಂದು ಬೆಳಿಗ್ಗೆ ಹೋಟೆಲಿನ ಅಡುಗೆಯವನೊಬ್ಬ ಬಂದ. ರುಬ್ಬುವ ಯಂತ್ರಕ್ಕೆ ಸಿಕ್ಕಿ ಬಲಗೈಯ ಕೊನೆಯ ಎರಡು ಬೆರಳು ಹೋಗಿದ್ದವು. ಗಾಯವೇನೋ ಮಾಗಿತ್ತು, ಆದರೆ ಯಾವ ಚಾಕು ಹಿಡಿದರೂ ಜಾರುತ್ತಿತ್ತು. ಒಲೆಯ ಮುಂದೆ ರಾಜನ ಹಾಗಿದ್ದವನು ಈಗ ಲೋಟ ತೊಳೆಯುತ್ತಿದ್ದ.

"ಯಜಮಾನ್ರೇ, ನೀವೇ ಮಾಡಿಕೊಡ್ಬೇಕು," ಎಂದ.

"ನನ್ನ ಕೈ ನಡುಗುತ್ತೆ ಕಣಪ್ಪ. ಸೊಸೆ ಮಾಡ್ತಾಳೆ," ಎಂದರು ಮಾವ.

ಅವನು ಅರೆಮನಸ್ಸಿನಿಂದ ಒಪ್ಪಿದ. ಅವಳು ಹಟಕ್ಕೆ ಬಿದ್ದು ಫಳಫಳ ಹೊಳೆಯುವ ಹಿಡಿ ಹಾಕಿಕೊಟ್ಟಳು. ಸೌತೆಕಾಯಿ ಮೇಲೆ ಒತ್ತಿದ್ದೇ ತಡ, ಕಾಯಿ ಒಂದು ಕಡೆ ಉರುಳಿತು, ಚಾಕು ಇನ್ನೊಂದು ಕಡೆ ಬಿತ್ತು.

"ನೋಡೋಕೆ ಚೆನ್ನಾಗಿದೆ ಅಕ್ಕ," ಎಂದ ಅವನು, ಮೆಲ್ಲಗೆ. ಬೈದಿದ್ದರೂ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ.

ದಡದಡ ಒಳಗೆ ಹೋಗಿ ಕಲಸಿದ ಹಿಟ್ಟಿನ ಮುದ್ದೆ ತಂದು ಅವನ ಅಂಗೈಗೆ ಇಟ್ಟಳು. "ಚಾಕು ಅಂದ್ಕೊಂಡು ಗಟ್ಟಿಯಾಗಿ ಹಿಡೀರಿ."

ಅವನು ಹಿಡಿದು ಬಿಟ್ಟ. ಮೂರು ಬೆರಳಿನ ಗುರುತು ಆಳವಾಗಿ ಬಿದ್ದಿತ್ತು. ಬೆರಳಿಲ್ಲದ ಜಾಗದಲ್ಲಿ ಹಿಟ್ಟು ಗುಡ್ಡೆಯಾಗಿ ಉಬ್ಬಿತ್ತು. ಅವಳಿಗೆ ತಟ್ಟನೆ ಹೊಳೆಯಿತು: ಆ ಜಾಗವನ್ನು ಕೊಂಬೇ ತುಂಬಬೇಕು. ಚಪ್ಪಟೆ ತುಂಡು ಅದಕ್ಕೆ ಆಗದು. ಮೂಲೆಯ ರಾಶಿಯನ್ನೆಲ್ಲ ಕೆದಕಿ, ಸೊಟ್ಟಗಿದೆಯೆಂದು ಯಾರೂ ಮುಟ್ಟದ ಕೊಂಬಿನ ತುದಿಯೊಂದನ್ನು ಹೆಕ್ಕಿದಳು. ಅದರ ಬಾಗು ಅಂಗೈಯ ಬುಡಕ್ಕೆ ಒತ್ತಿ ನಿಲ್ಲುವ ಹಾಗೆ ಮೂರು ದಿನ ಉಜ್ಜಿದಳು.

ನಾಲ್ಕನೇ ದಿನ ಅಡುಗೆಯವನು ಬಂದು ಹಿಡಿದ. ಚಾಕು ಅಲುಗಲಿಲ್ಲ. ಒಂದು ಕ್ಯಾರೆಟ್ ಹೆಚ್ಚಿದ. ಇನ್ನೊಂದು ಹೆಚ್ಚಿದ. ಬೀನ್ಸ್, ಎಲೆಕೋಸು, ಮೂಲಂಗಿ, ಕೈಗೆ ಸಿಕ್ಕಿದ್ದನ್ನೆಲ್ಲ ಟಕಟಕ ಹೆಚ್ಚಿ, "ಇನ್ನೇನಿದೆ ಅಕ್ಕ?" ಎಂದ. ಊಟಕ್ಕೆ ಬಂದ ಗಂಡ ನಾಲ್ಕು ಪಾತ್ರೆ ತುಂಬಿದ ಹೋಳು ಕಂಡು, "ಯಾರ ಮದುವೆ ಇದು?" ಎಂದು ಬಾಗಿಲಲ್ಲೇ ನಿಂತ.

ಮಾವ ಆ ಚಾಕುವನ್ನು ಕೈಗೆ ತೆಗೆದುಕೊಂಡರು. ಹೀಗೆ ಹಿಡಿದರು, ಹಾಗೆ ಹಿಡಿದರು. "ಏನಮ್ಮ ಇದು, ನನ್ನ ಕೈಗೆ ಕೂರೋದೇ ಇಲ್ವಲ್ಲ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಇಷ್ಟು ವರ್ಷದಲ್ಲಿ ಅವಳ ಕಿವಿಗೆ ಬಿದ್ದ ಮೊದಲ ಹೊಗಳಿಕೆ ಅದು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಹೋಳಿನ ಪಾತ್ರೆಗಳನ್ನು ಒಳಗಿಟ್ಟಳು.

ಮುಂದಿನ ಸೋಮವಾರ ಅಡುಗೆಯವನು ಒಲೆಯ ಮುಂದೆ ನಿಂತ. ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಹೆಬ್ಬೆರಳು ಮಡಚದ ಕ್ಷೌರಿಕ ಕತ್ತಿ ತಂದ, ಬೆರಳ ಗಂಟು ಬಾತ ಟೀಚರಮ್ಮ ಕೊಡೆ ತಂದರು. ಈಗ ಅವಳು ಬಂದವರ ಮುಖ ಆಮೇಲೆ ನೋಡುತ್ತಾಳೆ, ಮೊದಲು ಕೈ.